ಆರ್‌ವಿ (ಒಳಗೇ ಉಳಿಯಬಹುದಾದ ಪ್ರವಾಸದ ವಾಹನ) ಬಾಗಿಲ ಪಕ್ಕ, ಹತ್ತಿ ಇಳಿಯಲು ಹಿಡಿಕೆ ಹಾಕುವುದು ಹೇಗೆ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ, ಹಳೇ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಆರ್‌ವಿ ಇದೆ. ಮುಂದಿನ ತಿಂಗಳು ಅಪ್ಪ ಅಮ್ಮ ಮೈಸೂರಿನಿಂದ ಬರುತ್ತಾರೆ. ಅಮ್ಮನಿಗೆ ಮಂಡಿನೋವು, ಸೀರೆ ಬೇರೆ ಉಡುತ್ತಾರೆ, ಆ ಮೂರು ಕಡಿದಾದ ಮೆಟ್ಟಿಲು ಹತ್ತುವಾಗ ಹಿಡಿದುಕೊಳ್ಳಲು ಓಲಾಡುವ ಬಾಗಿಲು ಬಿಟ್ಟರೆ ಏನೂ ಇಲ್ಲ. ಒತ್ತಿದರೆ ಗೋಡೆಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲಿನ ಸಕ್ಷನ್ ಕಪ್ ಹಿಡಿಕೆ ಸಾಕಾ, ಗೋಡೆ ಕೊರೆಯಲೇಬೇಕಾ?

ಉತ್ತರ 1: ಸಕ್ಷನ್ ಕಪ್ ಬೇಡವೇ ಬೇಡ. ಬಿಸಿಲು, ಧೂಳಿಗೆ ಯಾವಾಗ ಕಳಚುತ್ತದೋ ಹೇಳಲಾಗದು. ಕೊರೆಯಿರಿ, ಆದರೆ ಎಲ್ಲೆಂದರಲ್ಲಿ ಅಲ್ಲ. ಹೊರಗೋಡೆ ಅಂದರೆ ತೆಳು ಫೈಬರ್‌ಗ್ಲಾಸ್ ಅಥವಾ ಅಲ್ಯೂಮಿನಿಯಂ ಹಾಳೆ ಅಷ್ಟೇ, ಅದಕ್ಕೆ ಹಾಕಿದ ಸ್ಕ್ರೂ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಬಾಗಿಲ ಪಕ್ಕದ ಫ್ರೇಮ್ ಹುಡುಕಿ ಅದಕ್ಕೇ ಹಾಕಿ. ಸಿಗದಿದ್ದರೆ ಒಳಗಡೆಯಿಂದ ಲೋಹದ ಪಟ್ಟಿ ಕೊಟ್ಟು ಆರಪಾರ ಬೋಲ್ಟ್ ಹಾಕಿ. ಕೊರೆಯುವ ಮುಂಚೆ ಒಳಗೆ ವೈರ್ ಹೋಗಿದೆಯಾ ನೋಡಿ, ಪೋರ್ಚ್ ಲೈಟಿನದು ಅಲ್ಲೇ ಇರುತ್ತದೆ.

ಉತ್ತರ 2: ಹಿಡಿಕೆಯ ಬುಡಕ್ಕೆ ಬ್ಯೂಟೈಲ್ ಟೇಪ್ (ನೀರು ಇಳಿಯದಂತೆ ತಡೆಯುವ ಮೆತ್ತನೆಯ ಅಂಟುಪಟ್ಟಿ) ಮರೆಯಬೇಡಿ. ನಾನು ಸೋಮಾರಿತನದಿಂದ ಬಿಟ್ಟೆ, ಸ್ಕ್ರೂ ತೂತಿನಿಂದ ನೀರು ಇಳಿದು ಒಳಗಿನ ಪ್ಲೈವುಡ್ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಯಿತು. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಉತ್ತರ 3: ಅಮ್ಮನಿಗಾದರೆ ಮಡಚುವ ಉದ್ದ ಹಿಡಿಕೆ ಒಳ್ಳೆಯದು. ಬಿಚ್ಚಿದರೆ ಮೆಟ್ಟಿಲ ಕಡೆಗೆ ಚಾಚಿಕೊಳ್ಳುತ್ತದೆ, ನೆಲದ ಮೇಲೆ ನಿಂತೇ ಹಿಡಿಯಬಹುದು. ಹೊರಡುವಾಗ ಮಡಚಿ ಲಾಕ್ ಮಾಡಿ. ಸುಮಾರು ಒಂದೂಕಾಲು ಇಂಚು ದಪ್ಪ ಇದ್ದರೆ ಮುಷ್ಟಿಗೆ ಸರಿ. ಇಳಿಯುವಾಗಲೇ ಭಯ ಜಾಸ್ತಿ ಅಲ್ವಾ, ಬಾಗಿಲ ಒಳಗೂ ಒಂದು ಚಿಕ್ಕದು ಹಾಕಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಸಕ್ಷನ್ ಕಪ್ ಆಗಲೇ ತಂದಿದ್ದೆ, ವಾಪಸ್ ಕೊಡುತ್ತೇನೆ!