ಒಂದೇ ಸಿಲಿಂಡರ್ ಡೈವಿಂಗ್‌ಗೆ ಯಾವ ಬಿಸಿಡಿ ಕೊಳ್ಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ನೀರಿನಲ್ಲಿ ಡೈವಿಂಗ್ ಕಲಿತವನು ನಾನು. ಇದುವರೆಗೆ 22 ಬಾರಿ ಇಳಿದಿದ್ದೇನೆ, ಎಲ್ಲವೂ ಬಾಡಿಗೆಯ ಜಾಕೆಟ್ ಮಾದರಿಯ ಬಿಸಿಡಿಯಲ್ಲೇ (ಸಿಲಿಂಡರ್ ಹೊರಲು ಮತ್ತು ಗಾಳಿ ತುಂಬಿ ತೇಲುವಿಕೆ ಹೊಂದಿಸಲು ತೊಡುವ ಕವಚ). ಕಳೆದ ಸಲ ಸಿಕ್ಕಿದ್ದು ನನ್ನ ಮೈಗಿಂತ ಎರಡು ಅಳತೆ ದೊಡ್ಡದು. ಗಾಳಿ ತುಂಬಿದೊಡನೆ ಕಿವಿಯವರೆಗೆ ಏರಿ ಕುಳಿತಿತು, ಸಿಲಿಂಡರ್ ಬೆನ್ನ ಮೇಲೆ ಉಯ್ಯಾಲೆಯಾಡಿತು. ಇನ್ನು ಸ್ವಂತದ್ದೇ ಆಗಲಿ ಎಂದು ನಿರ್ಧರಿಸಿದ್ದೇನೆ.

ಮನಸ್ಸು ಬ್ಯಾಕ್‌ಪ್ಲೇಟ್ (ಬೆನ್ನಿಗೆ ಕಟ್ಟುವ ಲೋಹದ ಹಲಗೆ) ಮತ್ತು ವಿಂಗ್ (ಅದರ ಹಿಂದೆ ಕೂರುವ ಗಾಳಿಚೀಲ) ಕಡೆಗೆ ವಾಲಿದೆ. ಆದರೆ ಅಂಗಡಿಯವರು 20 ಕಿಲೋಗಿಂತ ಹೆಚ್ಚು ಎತ್ತುವ ವಿಂಗ್ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ನನ್ನ ಲೆಕ್ಕ ಹೀಗಿದೆ: ನಾವು ಬಳಸುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ 200 ಬಾರ್ ಗಾಳಿಯ ತೂಕವೇ ಸುಮಾರು 2.7 ಕಿಲೋ. ಆಳದಲ್ಲಿ 3 ಮಿ.ಮೀ. ವೆಟ್‌ಸೂಟ್ ಅಮುಕಿಕೊಂಡು ಕಳೆದುಕೊಳ್ಳುವ ತೇಲುವಿಕೆ ಇನ್ನೊಂದೆರಡು ಕಿಲೋ ಇರಬಹುದು. ಹಾಗಿದ್ದರೆ 13 ಕಿಲೋ ವಿಂಗ್ ಧಾರಾಳವಲ್ಲವೇ? ಎರಡು ಸಿಲಿಂಡರ್ ಹೊರುವ ಆಸೆಯಂತೂ ನನಗಿಲ್ಲ.

ಇನ್ನೊಂದು ಗೊಂದಲ ಪ್ಲೇಟಿನದು. ಸ್ಟೀಲ್ ಆದರೆ ಮುಳುಗಲು ಸೊಂಟಕ್ಕೆ ಕಟ್ಟುವ ಸೀಸದಲ್ಲಿ ಎರಡು ಕಿಲೋ ಇಳಿಸಬಹುದು, ಆದರೆ ಅಂಡಮಾನಿಗೆ ಹೋಗುವಾಗ ವಿಮಾನದ ಸಾಮಾನಿನ ತೂಕಕ್ಕೆ ಅಷ್ಟೂ ಸೇರುತ್ತದೆ. ಅಲ್ಯೂಮಿನಿಯಂ ಪ್ಲೇಟ್ ಬಳಸುವವರು ಯಾರಾದರೂ ಇದ್ದೀರಾ?

ಮುಖ್ಯವಾಗಿ, ನೀರಿನ ಮೇಲೆ ದೋಣಿಗಾಗಿ ಕಾಯುವಾಗ ವಿಂಗ್ ನಮ್ಮನ್ನು ಮುಖ ಅಡಿಯಾಗಿ ತಳ್ಳುತ್ತದೆಯಂತೆ. ನೇತ್ರಾಣಿಯ ಅಲೆಯಲ್ಲಿ ಅದು ನಿಜಕ್ಕೂ ತೊಂದರೆಯೇ, ಇಲ್ಲವೇ ಗಾಳಿ ಕಡಿಮೆ ತುಂಬಿ ಹಿಂದಕ್ಕೆ ಒರಗಿದರೆ ಸಾಕೇ? ಬಳಸಿದವರು ದಯವಿಟ್ಟು ತಿಳಿಸಿ. ಸುಸ್ಥಿತಿಯಲ್ಲಿರುವ ಹಳೆಯ ವಿಂಗ್ ಮಾರುವವರಿದ್ದರೂ ಹೇಳಿ, ಬೆಂಗಳೂರಿನಲ್ಲಾದರೆ ಬಂದು ನೋಡುತ್ತೇನೆ.