11 ವಾರದ ಬಾಣಂತಿ. ಒಂಬತ್ತು ಪ್ರಶ್ನೆಗೆ ಉತ್ತರಿಸಿದೆ, ಹತ್ತನೆಯದು ಆಗಲಿಲ್ಲ

ದಾಸರಹಳ್ಳಿಯವಳು:

ರಾತ್ರಿ 3 ಗಂಟೆಗೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗಳಿಗೆ 11 ವಾರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ, ಈಗ ರಜೆ. ಬಾಣಂತನಕ್ಕೆ ಹಾಸನದ ಕಡೆಯಿಂದ ಅಮ್ಮ ಬಂದಿದ್ದಾಳೆ. ದಿನಾ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೆಣಸಿನ ಸಾರು. ಯಾವುದಕ್ಕೂ ಕೊರತೆ ಇಲ್ಲ. ಕುಡಿಯೋ ನೀರು ಮಾತ್ರ ಲೋಟದ ಲೆಕ್ಕ. ಜಾಸ್ತಿ ಕುಡಿದರೆ ಮಗುವಿಗೆ ಶೀತ ಅಂತೆ.

ಬಾಣಂತಿಗೆ ಅಳು ಬರುತ್ತೆ ಅಂತ ಎಲ್ಲರೂ ಹೇಳಿದ್ದರು. ನನಗೆ ಅಳುವೂ ಬರುವುದಿಲ್ಲ. ಮಗು ಎದ್ದರೆ ಹಾಲು ಕೊಡುತ್ತೇನೆ, ತೇಗಿಸುತ್ತೇನೆ, ಬಟ್ಟೆ ಬದಲಿಸುತ್ತೇನೆ. ಎಲ್ಲ ಸರಿಯಾಗಿಯೇ ಮಾಡುತ್ತೇನೆ, ಯಾರದ್ದೋ ಮಗುವನ್ನು ಸಂಬಳಕ್ಕೆ ನೋಡಿಕೊಳ್ಳುವವಳ ಹಾಗೆ. ಅವಳು ನಕ್ಕರೆ ನಮ್ಮವರು ವಿಡಿಯೊ ಮಾಡುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಅವಳು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ.

ನಿಜ ಹೇಳಬೇಕೆಂದರೆ ಇದು ಹೆರಿಗೆ ಆದಮೇಲೆ ಶುರುವಾದದ್ದಲ್ಲ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ಹಸಿರು ಸೀರೆ ಉಟ್ಟು ಕೂತಿದ್ದಾಗಲೇ, ಇದೆಲ್ಲ ಬೇರೆ ಯಾರಿಗೋ ಮಾಡುತ್ತಿದ್ದಾರೆ ಅನ್ನಿಸಿತ್ತು. ತಪಾಸಣೆಗೆ ಹೋದಾಗ ತೂಕ, ಬಿಪಿ, ರಕ್ತ ಎಲ್ಲ ತಾಯಿ ಕಾರ್ಡಿನಲ್ಲಿ ಬರೆದರು. "ಹೇಗಿದ್ದೀಯಮ್ಮಾ?" ಅಂದರು. "ಚೆನ್ನಾಗಿದ್ದೀನಿ" ಅಂದೆ. ಆ ಪ್ರಶ್ನೆಗೆ ಬೇರೆ ಉತ್ತರವೂ ಕೊಡಬಹುದು ಅಂತ ಹೊಳೆಯಲೇ ಇಲ್ಲ.

ಅಮ್ಮನ ಪ್ರಕಾರ ಇದು ಬಾಣಂತಿ ಸನ್ನಿ. ಪಕ್ಕದ ಮನೆಯವರು ದೃಷ್ಟಿ ಅಂದರು. ಗ್ಯಾಸ್ ಒಲೆಯ ಮೇಲೆ ಒಣಮೆಣಸಿನಕಾಯಿ ಸುಟ್ಟು ಇಡೀ ಮನೆ ಕೆಮ್ಮಿದ್ದಾಯಿತು.

ಗೆಳತಿಯೊಬ್ಬಳು ಎಡಿನ್‌ಬರೋ ಸ್ಕೇಲ್ ಅಂತ ಒಂದು ಫಾರಂ ಕಳಿಸಿದಳು. ಕಳೆದ 7 ದಿನ ಹೇಗಿತ್ತು ಅಂತ 10 ಪ್ರಶ್ನೆ. ಒಂಬತ್ತಕ್ಕೆ ಗುರುತು ಹಾಕಿದೆ, ಕೂಡಿದರೆ 17 ಬಂತು. ಹತ್ತನೆಯದನ್ನು ಖಾಲಿ ಬಿಟ್ಟೆ.

ಇದು ಸನ್ನಿನಾ? ಮಾತ್ರೆ ತಗೊಂಡರೆ ಹಾಲು ಬಿಡಿಸಬೇಕಾ? ನಿಮ್ಹಾನ್ಸ್‌ಗೆ ಹೋದರೆ ಮಗುವನ್ನು ನನ್ನಿಂದ ದೂರ ಇಡುತ್ತಾರಾ? ಮನೆಯಲ್ಲಿ ಹೇಗೆ ಹೇಳುವುದು?

ಬನಶಂಕರಿ ಅಕ್ಕ:

ತಂಗಿ, ಹತ್ತನೇ ಪ್ರಶ್ನೆ ಯಾವುದು ಅಂತ ನನಗೆ ಗೊತ್ತು. ನಾನೂ ಮೊದಲ ಸಲ ಅದನ್ನೇ ಬಿಟ್ಟಿದ್ದೆ. ಅದಕ್ಕೇ ನೇರವಾಗಿ ಕೇಳುತ್ತೇನೆ. ಸಾಯಬೇಕು, ಏನಾದರೂ ಮಾಡಿಕೊಳ್ಳಬೇಕು ಅನ್ನಿಸುತ್ತಿದೆಯಾ? ಹೌದಾದರೆ ಇಲ್ಲಿಯ ಉತ್ತರಕ್ಕೆ ಕಾಯಬೇಡ. ಈಗಲೇ ನಿನ್ನ ಗಂಡನನ್ನು ಎಬ್ಬಿಸು, ಒಬ್ಬಳೇ ಕೂರಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ತಡೆಯಲಾರೆ ಅನ್ನಿಸಿದರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು.

ಹೇಳುವ ವಿಷಯಕ್ಕೆ ಬಂದರೆ, ನನಗೆ ಬಾಯಿಂದ ಹೊರಡಲೇ ಇಲ್ಲ. ಫಾರಂ ಮಡಚಿ ಯಜಮಾನರ ಊಟದ ಡಬ್ಬಿಯ ಬ್ಯಾಗಿಗೆ ಹಾಕಿದೆ. ಮಧ್ಯಾಹ್ನವೇ ಮನೆಗೆ ಬಂದರು. ಅನ್ನ ಹಾಗೇ ವಾಪಸ್ ಬಂದಿತ್ತು.

ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ನಮ್ಮಜ್ಜಿಯ ತಂಗಿಯನ್ನು ಬಾಣಂತಿ ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ಇರಲಿಲ್ಲವಂತೆ!

ಸ್ಟಾಫ್ ನರ್ಸ್, ಹೆರಿಗೆ ವಾರ್ಡ್:

ಮೇಡಂ, ನಮ್ಮಲ್ಲಿ 'ಸನ್ನಿ' ಅನ್ನೋ ಒಂದೇ ಮಾತಿನಲ್ಲಿ ಎಲ್ಲವನ್ನೂ ತುಂಬಿಬಿಡುತ್ತಾರೆ. ಹೆರಿಗೆಯಾದ 2–3 ದಿನಕ್ಕೆ ಸುಮ್ಮಸುಮ್ನೆ ಅಳು, ಸಿಡುಕು ತುಂಬಾ ಜನಕ್ಕೆ ಬರುತ್ತೆ. 2 ವಾರದೊಳಗೆ ತಾನೇ ಹೋಗುತ್ತೆ. ನೀವು ಹೇಳುತ್ತಿರುವುದು 11 ವಾರ, ಅದೂ ಬಸುರಿನಲ್ಲೇ ಶುರುವಾದದ್ದು. ಇದು ಖಿನ್ನತೆ ಇರಬಹುದು. ಖಿನ್ನತೆ ಇರುವವರೆಲ್ಲ ಅಳುವುದಿಲ್ಲ. ಹೀಗೆ ಮರಗಟ್ಟಿದಂತೆ ಇರುವವರೂ ಇದ್ದಾರೆ.

ನಿಜವಾದ ಸನ್ನಿ ಅಂದರೆ ಬೇರೆ. ಒಮ್ಮೆಲೇ ಬರುತ್ತೆ, ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ನಿದ್ದೆಯೇ ಬೇಡ ಅನ್ನುತ್ತಾರೆ, ಇಲ್ಲದ ದನಿ ಕೇಳುತ್ತೆ, ಮನೆಯವರ ಮೇಲೇ ಅನುಮಾನ, ಮಗು ನನ್ನದಲ್ಲ ಅಂತ ನಂಬಿಬಿಡುವುದು. ಅದಾದರೆ ನಾಳೆ ನೋಡೋಣ ಅನ್ನುವಂತಿಲ್ಲ, ಅವತ್ತೇ ಆಸ್ಪತ್ರೆ. ನೀವು 'ಯಾರದ್ದೋ ಮಗುವಿನ ಹಾಗೆ' ಅಂದಿರಿ. ಅದು ಅನಿಸಿಕೆ, ನಂಬಿಕೆ ಅಲ್ಲ. ಆದರೂ ವೈದ್ಯರಿಗೆ ಇದೇ ಮಾತಿನಲ್ಲಿ ಹೇಳಿ.

ಆ ಸ್ಕೇಲ್ ಖಾಯಿಲೆ ಏನೆಂದು ತೀರ್ಮಾನಿಸುವುದಿಲ್ಲ. ಡಾಕ್ಟರನ್ನು ನೋಡಬೇಕಾ ಅಂತ ತಿಳಿಯೋಕೆ ಅಷ್ಟೇ. ನೀವು ನೋಡಬೇಕು. ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಅವೆರಡೂ ಮನುಷ್ಯರನ್ನು ಹಿಂಡಿಬಿಡುತ್ತವೆ.

ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಕೆಲವರಿಗೆ ಆಪ್ತಸಮಾಲೋಚನೆ ಸಾಕು. ಮಾತ್ರೆ ಬೇಕಾದರೂ ಹಾಲು ಕೊಡುತ್ತಲೇ ತಗೊಳ್ಳುವಂಥವು ಇವೆ. ಸರ್ಟ್ರಲಿನ್ ಅನ್ನೋ ಖಿನ್ನತೆಯ ಮಾತ್ರೆ ಎದೆಹಾಲಿಗೆ ಸೇರುವುದು ತುಂಬಾ ಕಡಿಮೆ. ಕೆಲಸ ಶುರುಮಾಡಲು ಕೆಲವು ವಾರ ಹಿಡಿಯುತ್ತೆ. ಡಾಕ್ಟರ್ ಹೇಳದೆ ಶುರು ಮಾಡಬೇಡಿ, ಹೇಳದೆ ನಿಲ್ಲಿಸಲೂ ಬೇಡಿ.

ಇನ್ನು ನಿಮ್ಹಾನ್ಸ್. ಅಲ್ಲಿ ಗರ್ಭಿಣಿ ಬಾಣಂತಿಯರಿಗೇ ಬೇರೆ ಸೇವೆ ಇದೆ. ದಾಖಲಾಗಲೇಬೇಕಾಗಿ ಬಂದರೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ, 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವಂತಿಲ್ಲ ಅಂತ. ಮಗುವಿಗೆ ಅಪಾಯ ಇದೆ ಅಂತ ಕಂಡರೆ ಮಾತ್ರ ತಾತ್ಕಾಲಿಕವಾಗಿ ದೂರ ಇಡುತ್ತಾರೆ. ಹೋದವರನ್ನೆಲ್ಲ ದಾಖಲು ಮಾಡಿಕೊಳ್ಳುವುದೂ ಇಲ್ಲ, ಹೆಚ್ಚಿನವರು ತೋರಿಸಿಕೊಂಡು ಮನೆಗೆ ಬರುತ್ತಾರೆ.

ಅಮ್ಮನಿಗೆ ಹೇಳಿ, ಬಾಯಾರಿದಷ್ಟು ನೀರು ಕೊಡಲಿ. ಹಾಲು ಎಲ್ಲಿಂದ ಬರಬೇಕು ಪಾಪ?

ಒಬ್ಬ ಗಂಡ:

ನನ್ನ ಹೆಂಡತಿಗೂ ಆಗಿತ್ತು. ನಾನು "ಸ್ಟ್ರಾಂಗ್ ಆಗಿರು" ಅಂತ ಎರಡು ತಿಂಗಳು ಹೇಳಿದೆ. ಅದರ ಬದಲು ರಾತ್ರಿ 10ರಿಂದ 3ರವರೆಗೆ ಮಗುವನ್ನು ನಾನು ಹಿಡಿದುಕೊಂಡಿದ್ದರೆ ಸಾಕಿತ್ತು. ಆಮೇಲೆ ಹಾಗೇ ಮಾಡಿದೆವು, ಹಿಂಡಿಟ್ಟ ಹಾಲನ್ನು ನಾನೇ ಕುಡಿಸುತ್ತಿದ್ದೆ. ಚಿಕಿತ್ಸೆಯ ಜೊತೆಗೆ ಅದೂ ಬೇಕು. ನಿಮ್ಮ ಯಜಮಾನರಿಗೆ ಈ ಪೋಸ್ಟ್ ತೋರಿಸಿ. ನಿಮ್ಹಾನ್ಸ್‌ಗೆ ದಾಸರಹಳ್ಳಿಯಿಂದಾದರೆ ಮೆಟ್ರೊದಲ್ಲಿ ಲಾಲ್‌ಬಾಗ್‌ವರೆಗೆ ಹೋಗಿ ಅಲ್ಲಿಂದ ಆಟೊ ಹಿಡಿಯಿರಿ. ಹೊಸೂರು ರಸ್ತೆ ಟ್ರಾಫಿಕ್ಕಿನಲ್ಲಿ ಮಗು ಇಟ್ಟುಕೊಂಡು ಒದ್ದಾಡಬೇಡಿ.

ದಾಸರಹಳ್ಳಿಯವಳು:

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು. ಬಟ್ಟೆ ಒಣಗಿಸಿ ಬರುತ್ತೇನೆ ಅಂತ ಟೆರೇಸಿಗೆ ಹೋಗಿ 14416ಕ್ಕೆ ಮಾಡಿದೆ. ಆ ಕಡೆಯವರು "ಹೇಳಿ" ಅಂದರು. ಸ್ವಲ್ಪ ಹೊತ್ತು ಏನೂ ಹೇಳಲಾಗಲಿಲ್ಲ. ಅವರೂ ಇಡಲಿಲ್ಲ.

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಹೌದು, ಕೆಲವೊಮ್ಮೆ. ಅದಕ್ಕೂ ಗುರುತು ಹಾಕಿ ಆ ರಾತ್ರಿಯೇ ಇವರ ಕೈಗೆ ಫೋನ್ ಕೊಟ್ಟೆ. ಲೆಕ್ಕ ಈಗ 19. ಇವರು ಎರಡು ಸಲ ಓದಿ "19 ಅಂದ್ರೆ ನೂರಕ್ಕಾ?" ಅಂದರು. "30ಕ್ಕೆ" ಅಂದೆ. ಆಮೇಲೆ ಮಾತಾಡಲಿಲ್ಲ, ಮಗುವನ್ನು ಎತ್ತಿಕೊಂಡು ಹಾಲ್‌ಗೆ ಹೋದರು. ಮರುದಿನದಿಂದ ಶಿಫ್ಟ್ ಬದಲಿಸಿಕೊಂಡಿದ್ದಾರೆ, ನನ್ನನ್ನು ಒಬ್ಬಳೇ ಬಿಡುತ್ತಿಲ್ಲ.

ನಾಳೆ ಬೆಳಿಗ್ಗೆ ನಿಮ್ಹಾನ್ಸ್‌ಗೆ ಹೊರಟಿದ್ದೇವೆ. ಅಮ್ಮನಿಗೆ ಇನ್ನೂ ಅದು ಸನ್ನಿಯೇ. ಆದರೂ ನಾನೂ ಬರುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಡಬ್ಬಿಗೆ ಚಪಾತಿ, ಫ್ಲಾಸ್ಕಿನ ತುಂಬಾ ಬಿಸಿನೀರು. ಒಂದು ಲೀಟರಿನ ಫ್ಲಾಸ್ಕ್ ಅದು.