ಅದೇ ಮಾರ್ಫಿನ್, ಅದೇ ಡೋಸ್: ಜಾಗ ಬದಲಾದರೆ ಇಲಿ ಯಾಕೆ ಬೇರೆ ಥರ ಆಡುತ್ತದೆ?

ಪ್ರಶ್ನೆ: ಮೇಡಂ, ನಾನು ಫಾರ್ಮಕಾಲಜಿ ವಿದ್ಯಾರ್ಥಿ. ಇಲಿಗಳಿಗೆ ಬಿಟ್ಟು ಬಿಟ್ಟು ಮಾರ್ಫಿನ್ (ನೋವು ತಗ್ಗಿಸುವ ಮದ್ದು) ಕೊಟ್ಟರೆ ಓಡಾಟ ಸಲದಿಂದ ಸಲಕ್ಕೆ ಜಾಸ್ತಿಯಾಗುತ್ತದೆ, ಅದೇ ಸೆನ್ಸಿಟೈಸೇಷನ್ ಅಂತ ಓದಿದೆ. ಆದರೆ ದೇಹ ಒಗ್ಗಿಕೊಂಡು ಪರಿಣಾಮ ಕಡಿಮೆಯಾಗಬೇಕಲ್ವಾ? ಇಂಜೆಕ್ಷನ್ ಎಲ್ಲಿ ಕೊಟ್ಟೆವು ಅನ್ನೋದು ಅಷ್ಟು ಮುಖ್ಯವಾ?

ಉತ್ತರ: ಎರಡೂ ಒಂದೇ ಇಲಿಯಲ್ಲಿ ಒಟ್ಟಿಗೇ ನಡೆಯುತ್ತವೆ. ದೊಡ್ಡ ಡೋಸ್ ಮೊದಲ ಸಲ ಕೊಟ್ಟಾಗ ಇಲಿ ಮಂಕಾಗಿ ಒಂದೇ ಕಡೆ ಬಿದ್ದಿರುತ್ತದೆ, ಓಡಾಟ ತಡವಾಗಿ ಶುರುವಾಗುತ್ತದೆ. ಕೆಲವು ಇಂಜೆಕ್ಷನ್ ಆದ ಮೇಲೆ ಆ ಮಂಕು ಬೇಗ ಕಳೆಯುತ್ತದೆ, ಓಡಾಟ ಬೇಗ ಬರುತ್ತದೆ, ಜೋರಾಗಿಯೂ ಇರುತ್ತದೆ. ಮಂಕಿಗೆ, ನೋವು ತಗ್ಗಿಸುವ ಗುಣಕ್ಕೆ ದೇಹ ಒಗ್ಗಿಕೊಂಡಿತು. ಓಡಾಟದ ವಿಷಯದಲ್ಲಿ ಮಾತ್ರ ಇನ್ನಷ್ಟು ಸೂಕ್ಷ್ಮವಾಯಿತು.

ಓಡಾಟದ ಹಿಂದೆ ಇರುವುದು ಡೋಪಮೈನ್ ಅನ್ನುವ ಮಿದುಳಿನ ರಾಸಾಯನಿಕ. ಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಭಾಗದಲ್ಲಿ, ಗಾಬಾ ಅನ್ನುವ ತಡೆಯುವ ರಾಸಾಯನಿಕ ಬಿಡುವ ಗಾಬಾ ಕೋಶಗಳು ಡೋಪಮೈನ್ ಕೋಶಗಳನ್ನು ತಡೆದು ಹಿಡಿದಿರುತ್ತವೆ. ಮಾರ್ಫಿನ್ ಈ ಗಾಬಾ ಕೋಶಗಳ ಬಾಯಿ ಮುಚ್ಚಿಸುತ್ತದೆ. ತಡೆ ಹೋದ ಕೂಡಲೇ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನುವ ಮಿದುಳಿನ ಇನ್ನೊಂದು ಭಾಗದಲ್ಲಿ ಡೋಪಮೈನ್ ಏರುತ್ತದೆ.

ಇನ್ನು ಜಾಗದ ವಿಷಯ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ. ಮೂರು ಗುಂಪು ಮಾಡಿ. ಮೊದಲನೆಯದಕ್ಕೆ ಓಡಾಟ ಅಳೆಯುವ ಪೆಟ್ಟಿಗೆಯಲ್ಲಿ ಮಾರ್ಫಿನ್, ಆಮೇಲೆ ಅದರ ವಾಸದ ಪಂಜರದಲ್ಲಿ ಸಲೈನ್ (ಮದ್ದಿಲ್ಲದ ಉಪ್ಪುನೀರು). ಎರಡನೆಯದಕ್ಕೆ ಇದರ ಉಲ್ಟಾ. ಮೂರನೆಯದಕ್ಕೆ ಎರಡೂ ಕಡೆ ಸಲೈನೇ. ಕೊನೆಗೆ ಎಲ್ಲಕ್ಕೂ ಪೆಟ್ಟಿಗೆಯಲ್ಲೇ ಮಾರ್ಫಿನ್ ಕೊಟ್ಟರೆ, ಸಾಮಾನ್ಯವಾಗಿ ಹೆಚ್ಚು ಓಡುವುದು ಮೊದಲ ಗುಂಪು. ಎರಡನೆಯದರ ಮೈಗೂ ಅಷ್ಟೇ ಮದ್ದು ಹೋಗಿದೆ, ನೋಡಿ! ಮಾರ್ಫಿನ್ ಬದಲು ಬರೀ ಸಲೈನ್ ಚುಚ್ಚಿದರೂ ಮೊದಲ ಗುಂಪು ಪೆಟ್ಟಿಗೆಯಲ್ಲಿ ಜಾಸ್ತಿ ಓಡಾಡುವುದುಂಟು. ಆ ಜಾಗವೇ ಮದ್ದಿನ ಸೂಚನೆಯಾಗಿಬಿಟ್ಟಿರುತ್ತದೆ.

ಪ್ರಶ್ನೆ: ಅಂದರೆ ಪರಿಚಿತ ಜಾಗದಲ್ಲಿ ಮದ್ದಿನ ಎಲ್ಲಾ ಪರಿಣಾಮವೂ ಹೆಚ್ಚುತ್ತದಾ ಮೇಡಂ?

ಉತ್ತರ: ಇಲ್ಲ, ಅಲ್ಲೇ ಎಷ್ಟೋ ಜನ ಎಡವುವುದು. 1982ರಲ್ಲಿ ಮನಶ್ಶಾಸ್ತ್ರಜ್ಞ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು, ಮಾರ್ಫಿನ್ ಜಾತಿಯದೇ ಆದ ಹೆರಾಯಿನ್‌ಗೆ ಒಗ್ಗಿದ ಇಲಿಗಳಿಗೂ ಒಗ್ಗದವಕ್ಕೂ ಕೊನೆಗೆ ಕಿಲೋಗೆ 15 ಮಿಲಿಗ್ರಾಂನಷ್ಟು ದೊಡ್ಡ ಡೋಸ್ ಕೊಟ್ಟರು. ಯಾವತ್ತೂ ಹೆರಾಯಿನ್ ಕಾಣದವುಗಳಲ್ಲಿ ಸುಮಾರು 96% ಸತ್ತವು. ಒಗ್ಗಿದ್ದರೂ ಬೇರೆ ಕೋಣೆಯಲ್ಲಿ ಪಡೆದವುಗಳಲ್ಲಿ 64%. ಎಂದಿನ ಕೋಣೆಯಲ್ಲೇ ಪಡೆದವುಗಳಲ್ಲಿ 32%. ಸೀಗಲ್ ಅವರ ವಿವರಣೆ ಪ್ರಕಾರ, ಪರಿಚಿತ ಕೋಣೆ ಕಂಡ ಕೂಡಲೇ ದೇಹ ಮದ್ದಿಗೆ ಎದುರಾಗಿ ಮೊದಲೇ ಸಜ್ಜಾಗುತ್ತದೆ. ಹೊಸ ಜಾಗದಲ್ಲಿ ಆ ಸಿದ್ಧತೆ ಇಲ್ಲ, ಸಾವು ಹೆಚ್ಚು. ಓಡಾಟವನ್ನು ಏರಿಸುವಂಥದೇ ಸೂಚನೆ ಇಲ್ಲಿ ಜೀವ ಉಳಿಸಿತು.

ಪ್ರಶ್ನೆ: ಹಾಗಾದರೆ ಪ್ರಯೋಗ ಮಾಡುವಾಗ ಏನು ನೋಡಿಕೊಳ್ಳಲಿ?

ಉತ್ತರ: ಸಲೈನ್ ಗುಂಪು ಒಂದೇ ಸಾಲದು. ಮೇಲೆ ಹೇಳಿದ ಎರಡನೇ ಗುಂಪು ಇಲ್ಲದಿದ್ದರೆ, ಕಂಡ ಬದಲಾವಣೆ ಬರೀ ಮದ್ದಿನದ್ದೋ ಜಾಗದ್ದೂ ಸೇರಿದ್ದೋ ಹೇಳಲು ಆಗುವುದಿಲ್ಲ. ಜಾಗ ಅಂದರೆ ಗೋಡೆ, ನೆಲ ಅಷ್ಟೇ ಅಲ್ಲ. ಪೆಟ್ಟಿಗೆ ಒರೆಸುವ ದ್ರಾವಣದ ವಾಸನೆ, ದೀಪ, ಹೊತ್ತು, ಎತ್ತಿಕೊಳ್ಳುವ ಕೈ, ಸೂಜಿ ಚುಚ್ಚುವುದು ಕೂಡ ಇಲಿಗೆ ಸೂಚನೆಯೇ. ಇವನ್ನೆಲ್ಲಾ ಮೊದಲ ದಿನದಿಂದಲೇ ಬರೆದಿಡಿ.